ಯಾವ ಎರೆಹುಳು?

ಮುಂಡಗೋಡ ತಾಲ್ಲೂಕಿನ ಇಂದೂರ ಕಡೆ ಮಳೆಗಾಲದಲ್ಲಿ ತಿಪ್ಪೆ ಕೆದಕಿದರೆ ತೆಳ್ಳಗಿನ ಕೆನ್ನೇರಳೆ ಹುಳುಗಳು ಕಾಣುತ್ತವೆ. ಮುಟ್ಟಿದರೆ ಸಾಕು, ಮೈ ಹೊರಳಿಸಿ ಜಾರುತ್ತವೆ. ಗದ್ದೆ ಉಳುವಾಗ ಸಿಗುವ ಮಣ್ಣುಬಣ್ಣದ ಎರೆಹುಳು ಬೇರೆಯದೇ. ರೈತರು ತಲೆತಲಾಂತರದಿಂದ ಎರಡನ್ನೂ ಕಂಡವರು. ಎರೆಗೊಬ್ಬರ ಸಾಧ್ಯವಾದದ್ದು ಇವೆರಡರ ವ್ಯತ್ಯಾಸ ತಿಳಿದ ಮೇಲೆ.

ಚಾರ್ಲ್ಸ್ ಡಾರ್ವಿನ್ 1837ರಲ್ಲಿಯೇ ಲಂಡನ್ನಿನ ಭೂವಿಜ್ಞಾನಿಗಳ ಮುಂದೆ ಎರೆಹುಳುಗಳ ಬಗ್ಗೆ ಪ್ರಬಂಧ ಓದಿದ್ದ. ಸಾಯುವ ಹಿಂದಿನ ವರ್ಷ, 1881ರಲ್ಲಿ, ಅದೇ ವಿಷಯದ ಪುಸ್ತಕ ತಂದ. ಹುಲ್ಲುಗಾವಲಿನ ಮೇಲೆ ಹರಡಿದ ಸುಣ್ಣ ವರ್ಷಗಳು ಕಳೆದಂತೆ ನೆಲದೊಳಗೆ ಸೇರಿಹೋಗುತ್ತಿತ್ತು. ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆ ಹಾಕುವುದೇ ಅದಕ್ಕೆ ಕಾರಣವೆಂದು ಅವನು ತೋರಿಸಿದ. ಆದರೆ ಅವು ನೆಲ ಕೊರೆಯುವ ಹುಳುಗಳು. ಅಂಥವನ್ನು ಸಗಣಿಯ ತೊಟ್ಟಿಗೆ ತಂದು ಬಿಟ್ಟರೆ ಒಗ್ಗುವುದಿಲ್ಲ. ಸಗಣಿ ತಿಂದು ವೇಗವಾಗಿ ಮರಿ ಮಾಡಬಲ್ಲವು ನೆಲದ ಮೇಲ್ಪದರದಲ್ಲಿ, ಕೊಳೆತ ಎಲೆ–ಕಸದಲ್ಲಿ ಬಾಳುವ ಜಾತಿಗಳು ಮಾತ್ರ.

ಕರ್ನಾಟಕದಲ್ಲಿ ಅಂಥ ಜಾತಿಯ ಹುಡುಕಾಟ ನಡೆದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ. ರಾಧಾ ಡಿ. ಕಾಳೆ, ಕುಬ್ರಾ ಬಾನೊ ಮತ್ತು ಆರ್.ವಿ. ಕೃಷ್ಣಮೂರ್ತಿ 1982ರಲ್ಲಿ ಪ್ರಕಟಿಸಿದ ಸಂಶೋಧನೆಯ ವಸ್ತು ಪೆರಿಯೊನಿಕ್ಸ್ ಎಕ್ಸ್‌ಕವೇಟಸ್, ಅಂದರೆ ನಮ್ಮ ತಿಪ್ಪೆಗಳಲ್ಲಿ ಸಿಗುವ ಹುಳು. ಜೈವಿಕ ಕಸವನ್ನು ಗೊಬ್ಬರ ಮಾಡಲು ಇದು ಎಷ್ಟು ಸಮರ್ಥ ಎಂಬುದು ಅವರ ಪ್ರಶ್ನೆ. ಕಣ್ಣೆದುರಿಗಿದ್ದ ಹುಳುವನ್ನು ಪ್ರಯೋಗಾಲಯಕ್ಕೆ ಯೋಗ್ಯವೆಂದು ಕಂಡ ಆ ನೋಟವೇ ನನಗೆ ಈ ಕತೆಯ ದೊಡ್ಡ ಭಾಗ. ಮುಂದೆ ಕಾಳೆ ಮತ್ತು ಬಾನೊ ಅವರ ಕೆಲಸ ಪಶ್ಚಿಮ ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ ಹುಳುವಿನತ್ತ ಹೊರಳಿತು. ಗಾತ್ರದಲ್ಲಿ ದೊಡ್ಡದು, ತಿನ್ನುವುದೂ ಹೆಚ್ಚು. ಅವರು ಹೊಲದಲ್ಲಿ ಪರೀಕ್ಷಿಸಿದ ಎರೆಗೊಬ್ಬರದ ಹೆಸರು ‘ವೀ ಕಾಂಪ್ ಇ. 83 ಯು.ಎ.ಎಸ್.’

ಹುಳು ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ, ಅದಕ್ಕೆ ಉಣಿಸುವುದನ್ನೂ ಕಲಿಯಬೇಕಿತ್ತು. ಹಸಿ ಸಗಣಿ ರಾಶಿ ಹಾಕಿದರೆ ಒಳಗೆ ಕಾವೇರುತ್ತದೆ, ಅಮೋನಿಯಾ ಹೊರಡುತ್ತದೆ. ಅದರಲ್ಲಿ ಬಿಟ್ಟ ಹುಳು ಸಾಯುತ್ತದೆ, ಇಲ್ಲವೇ ಓಡಿಹೋಗುತ್ತದೆ. ಹಾಗಾಗಿ ಮೊದಲು ಸಗಣಿ ಅರೆ ಕೊಳೆತು ತಣ್ಣಗಾಗಬೇಕು. ನೆರಳು ಬೇಕು, ಹದವಾದ ತೇವ ಬೇಕು, ಇರುವೆ ಕಾಟ ಇರಬಾರದು. ಆಮೇಲೆ ಹುಳು ತಿಂದದ್ದು ಅದರ ಅರೆಚೀಲದಲ್ಲಿ ನುಣ್ಣಗಾಗಿ, ಕರುಳಿನ ಸೂಕ್ಷ್ಮಜೀವಿಗಳೊಡನೆ ಬೆರೆತು ಕಾಳುಕಾಳಾದ ಹಿಕ್ಕೆಯಾಗಿ ಹೊರಬರುತ್ತದೆ. ಸಾರಜನಕ, ರಂಜಕಗಳು ಬೇರು ಹೀರಿಕೊಳ್ಳಬಲ್ಲ ರೂಪಕ್ಕೆ ಬರುತ್ತವೆ. ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಸಗಣಿಯಲ್ಲಿ ಇಲ್ಲದ ರಂಜಕವನ್ನು ಹುಳು ಸೃಷ್ಟಿಸುವುದಿಲ್ಲ. ದನಕ್ಕೆ ಹಾಕಿದ ಮೇವು ಬಡವಾದರೆ ಗೊಬ್ಬರವೂ ಬಡವೇ.

ರಾಧಾ ಕಾಳೆ 1998ರಲ್ಲಿ ಎರೆಹುಳು ಮತ್ತು ಸಾವಯವ ಕೃಷಿಯ ಬಗ್ಗೆ ಪುಸ್ತಕ ಬರೆದರು. ಆದರೆ ಭತ್ತ ಬೆಳೆಯುವ ಇಂದೂರಿನಂಥ ಊರಿಗೆ ಅದಕ್ಕಿಂತ ಹತ್ತಿರದ್ದು ಅವರ ತಂಡದ 1992ರ ಪ್ರಬಂಧ. ಎರೆಗೊಬ್ಬರ ಹಾಕಿದ ಭತ್ತದ ಗದ್ದೆಯಲ್ಲಿ ಸಾರಜನಕ ಹಿಡಿಯುವ ಸೂಕ್ಷ್ಮಜೀವಿಗಳು ಹೆಚ್ಚಿದ್ದವು, ಬೇರಿಗೆ ಅಂಟಿ ಬಾಳುವ ಶಿಲೀಂಧ್ರದ ಒಡನಾಟವೂ ಹೆಚ್ಚಿತ್ತು. ಅಂದರೆ ಗೊಬ್ಬರದ ಲೆಕ್ಕವನ್ನು ಬರೀ ಪೋಷಕಾಂಶದ ತೂಕದಲ್ಲಿ ಮಾಡಿದರೆ ಸಾಲದು, ಅದರ ಜೊತೆ ಗದ್ದೆಗೆ ಇಳಿಯುವ ಜೀವಿಗಳನ್ನೂ ಎಣಿಸಬೇಕು. ಎರೆಗೊಬ್ಬರವನ್ನು ಬಿಸಿಲಿನಲ್ಲಿ ಒಣಗಿಸಿಡದೆ ನೆರಳಲ್ಲಿ, ತುಸು ತೇವದೊಡನೆ ಇಟ್ಟು ಬಳಸಬೇಕು ಎನ್ನುವುದು ಅದಕ್ಕೇ.