ತಂತ್ರಾಂಶದ ಮಿರರ್‌ಗಳು: ಸೂಚಿಯೂ ಕಡತವೂ ತಾಳೆಯಾಗದಿದ್ದಾಗ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ‘ಕೈಟ್’ ಸಂಸ್ಥೆಯು ಉಬುಂಟುವನ್ನು ಆಧರಿಸಿ ರೂಪಿಸಿದ ಕಾರ್ಯಾಚರಣ ವ್ಯವಸ್ಥೆ ಬಳಕೆಯಲ್ಲಿದೆ. ಹೊಸ ತಂತ್ರಾಂಶವನ್ನು ಅಳವಡಿಸುವಾಗ ಒಮ್ಮೊಮ್ಮೆ ‘404 ನಾಟ್ ಫೌಂಡ್’ ಅಥವಾ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂಬ ಸಂದೇಶ ಮೂಡಿ ಕಾರ್ಯ ಸ್ಥಗಿತಗೊಳ್ಳುತ್ತದೆ. ಇದು ಗಣಕದ ದೋಷವೇ ಆಗಿರಬೇಕೆಂದಿಲ್ಲ.

ಉಬುಂಟು, ಡೆಬಿಯನ್ ಮುಂತಾದವುಗಳ ಮೂಲ ಭಂಡಾರದ ನಕಲುಗಳು ಹಲವು ದೇಶಗಳ ಸರ್ವರ್‌ಗಳಲ್ಲಿರುತ್ತವೆ. ಇವೇ ಮಿರರ್‌ಗಳು. ಪ್ರತಿಯೊಂದರಲ್ಲೂ ತಂತ್ರಾಂಶದ ಕಡತಗಳಿರುತ್ತವೆ. ಜೊತೆಗೆ ಅವುಗಳ ಹೆಸರು, ಆವೃತ್ತಿ, ಗಾತ್ರ ಹಾಗೂ ‘ಹ್ಯಾಶ್’ ಎಂಬ ಗುರುತನ್ನು ದಾಖಲಿಸಿದ ಸೂಚಿಯಿರುತ್ತದೆ. ಡೆಬಿಯನ್ನಿನ ಮೂಲ ಭಂಡಾರ ದಿನಕ್ಕೆ 4 ಬಾರಿ ನವೀಕೃತವಾಗುತ್ತದೆ. ಅದನ್ನು ನಕಲಿಸಿಕೊಳ್ಳಲು ಮಿರರ್‌ಗೆ ಕಾಲ ಬೇಕು. ಆ ನಡುವೆ ಸೂಚಿ ಹೊಸದಾಗಿ, ಕಡತ ಬಾರದೆ ಉಳಿದರೆ, ಗ್ರಂಥಾಲಯದ ಪಟ್ಟಿಯಲ್ಲಿರುವ ಪುಸ್ತಕ ಕಪಾಟಿನಲ್ಲಿ ಇಲ್ಲದಂತಾಗುತ್ತದೆ. ಸೂಚಿಯ ಭಾಗಗಳೇ ಬೇರೆ ಬೇರೆ ವೇಳೆಯವಾದರೆ ಹ್ಯಾಶ್ ತಾಳೆಯಾಗದು. ಆದುದರಿಂದಲೇ ಕಡತಗಳನ್ನು ಮೊದಲು, ಸೂಚಿಯನ್ನು ಅನಂತರ ನಕಲಿಸಬೇಕೆಂದು ಡೆಬಿಯನ್ ಮಿರರ್ ನಡೆಸುವವರಿಗೆ ತಿಳಿಸುತ್ತದೆ.

ಶಾಲೆಯ ಗಣಕದಲ್ಲಿ ಉಳಿದ ಹಳೆಯ ಸೂಚಿಯೂ ಇದೇ ತೊಡಕನ್ನು ತರಬಲ್ಲದು. ಆದ್ದರಿಂದ ಮೊದಲು ‘ಆಪ್ಟ್ ಅಪ್‌ಡೇಟ್’ ಆದೇಶದಿಂದ ಸೂಚಿಯನ್ನು ನವೀಕರಿಸಬೇಕು. ಅದು ಫಲಿಸದಿದ್ದರೆ ಕೆಲವು ಗಂಟೆ ಕಾಯಬೇಕು, ಇಲ್ಲವೇ ಮುಖ್ಯ ಸರ್ವರನ್ನು ಆರಿಸಿಕೊಳ್ಳಬೇಕು. ಅವಸರಕ್ಕೆ ಪರಿಶೀಲನೆಯನ್ನು ಮಾತ್ರ ನಿಷ್ಕ್ರಿಯಗೊಳಿಸಬಾರದು. ತಡವಾಗಿ ಬಂದ ನಕಲನ್ನೂ ಯಾರೋ ತಿದ್ದಿದ ಕಡತವನ್ನೂ ತಡೆದು ನಿಲ್ಲಿಸುವುದು ಅದೇ ಪರಿಶೀಲನೆ. ಪ್ರಾಯೋಗಿಕ ಪರೀಕ್ಷೆಗೆ ಬೇಕಾದ ತಂತ್ರಾಂಶವನ್ನು ಹಲವು ದಿನ ಮೊದಲೇ ಅಳವಡಿಸಿಟ್ಟರೆ ಈ ಕಾಯುವಿಕೆ ಮಕ್ಕಳಿಗೆ ತಟ್ಟುವುದಿಲ್ಲ.