ಸೂರ್ಯಾಗ್ನಿಯನ್ನು ಅಳೆದ ಕಥೆ

ಸೂರ್ಯನ ಒಡಲಲ್ಲಿ ಉರಿಯುವ ಬೆಂಕಿಯನ್ನು ಭೂಮಿಯ ಮೇಲೆ ಹೊತ್ತಿಸಿ, ಮನೆಯ ದೀಪಕ್ಕೂ ಕಾರಖಾನೆಯ ಯಂತ್ರಕ್ಕೂ ಒದಗಿಸುವ ಬಗೆ ಹೇಗೆಂದು ವಿಚಾರಮಾಡಲು ನಾನಾ ದೇಶಗಳ ವಿಜ್ಞಾನಿಗಳು ಎರಡು ವರ್ಷಗಳಿಗೊಮ್ಮೆ ಒಂದೆಡೆ ಕಲೆಯುವರು. ವಿಯೆನ್ನಾ ನಗರದಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಕರೆಯುವ ಈ ಪರಿಷತ್ತು ಮೊದಲು ನೆರೆದುದು 1961ರಲ್ಲಿ, ಆಸ್ಟ್ರಿಯಾದ ಸಾಲ್ಸ್‌ಬರ್ಗಿನಲ್ಲಿ. ಇಪ್ಪತ್ತೇಳನೆಯದು 2018ರ ಅಕ್ಟೋಬರಿನಲ್ಲಿ ನಮ್ಮ ಗಾಂಧೀನಗರದಲ್ಲಿಯೇ ನಡೆಯಿತು. ಅಲ್ಲಿ ಓದುವ ಪ್ರಬಂಧಗಳು ಬಹುಮಟ್ಟಿಗೆ ಗಣಿತಮಯವಾದವು. ನಮ್ಮಂತಹ ಗೃಹಸ್ಥರಿಗೆ ಕಬ್ಬಿಣದ ಕಡಲೆ. ಆದರೆ 1968ರ ಪರಿಷತ್ತಿನ ಕಥೆಯು ಯಾರು ಬೇಕಾದರೂ ಕೇಳಿ ಸಂತೋಷಪಡಬಹುದಾದುದು. ಅದನ್ನು ವಾಚಕರ ಮುಂದಿಡುವೆವು.

ಕಟ್ಟಿಗೆ ಉರಿಯುವುದು ಒಂದು ಬಗೆ, ಸೂರ್ಯನು ಉರಿಯುವುದು ಇನ್ನೊಂದು ಬಗೆ. ಸೂರ್ಯನಲ್ಲಿ ಜಲಜನಕದ ಪರಮಾಣುಗಳ ಬೀಜಕೇಂದ್ರಗಳು ಒಂದಕ್ಕೊಂದು ಬೆಸೆದುಕೊಂಡು ಹೀಲಿಯಂ ಆಗುವುವು. ಆಗ ತೂಕದಲ್ಲಿ ಕಡಮೆಯಾಗುವ ಅತ್ಯಲ್ಪ ಅಂಶವೇ ಬೆಳಕೂ ಶಾಖವೂ ಆಗಿ ಹೊರಬೀಳುವುದು. ಭೂಮಿಯಲ್ಲಿ ಈ ಕೆಲಸಕ್ಕೆ ಬೇಕಾದ ಭಾರಜಲಜನಕವು ಸಮುದ್ರದ ನೀರಿನಲ್ಲಿಯೇ ಇದೆ. ಜಲಜನಕದ ಸುಮಾರು 6,500 ಪರಮಾಣುಗಳಲ್ಲಿ ಒಂದು ಇಂತಹುದು. ಸೌದೆಗೆ ಬಡತನವಿಲ್ಲ, ಒಲೆಗೇ ಬಡತನ! ಬೀಜಕೇಂದ್ರಗಳೆಲ್ಲವೂ ಒಂದೇ ಬಗೆಯ ವಿದ್ಯುತ್ತನ್ನುಳ್ಳವಾದುದರಿಂದ ಒಂದನ್ನೊಂದು ದೂರ ತಳ್ಳುವುವು. ಅವನ್ನು ಬೆಸೆಯಲು ಹತ್ತು ಕೋಟಿ ಡಿಗ್ರಿಗಳಷ್ಟು ಶಾಖವಾದರೂ ಬೇಕು. ಸೂರ್ಯನ ಗರ್ಭದಲ್ಲಿರುವುದು ಒಂದೂವರೆ ಕೋಟಿ ಡಿಗ್ರಿ ಮಾತ್ರ; ಆದರೆ ಸೂರ್ಯನಿಗೆ ತನ್ನ ಭಾರದ ಒತ್ತಡವುಂಟು, ಅವಸರವಂತೂ ಇಲ್ಲ.

ಮಂಜುಗಡ್ಡೆಯನ್ನು ಕಾಸಿದರೆ ನೀರು, ನೀರನ್ನು ಕಾಸಿದರೆ ಆವಿ. ಅನಿಲವನ್ನು ಇನ್ನೂ ಬಲವಾಗಿ ಕಾಸಿದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಹೋಗಿ ನಾಲ್ಕನೆಯ ಸ್ಥಿತಿಯೊಂದು ಉಂಟಾಗುವುದು. ಅದಕ್ಕೆ ಪ್ಲಾಸ್ಮಾ ಎಂದು ಹೆಸರು. ಪಾತ್ರೆಯ ಗೋಡೆಗೆ ತಾಗಿದರೆ ಅದು ಕೂಡಲೇ ತಣ್ಣಗಾಗುವುದರಿಂದ, ಅಯಸ್ಕಾಂತದ ಬಲವನ್ನೇ ಪಾತ್ರೆಯನ್ನಾಗಿ ಮಾಡಿಕೊಳ್ಳಬೇಕಾಯಿತು. ರಷ್ಯಾದ ವಿಜ್ಞಾನಿಗಳು ನಿರ್ಮಿಸಿದ ಟೋಕಮಾಕ್ ಎಂಬ ಯಂತ್ರವು ನಮ್ಮ ಕೋಡುಬಳೆಯ ಆಕಾರದ ಟೊಳ್ಳು ಕೊಳವೆ. ಕೊಳವೆಯನ್ನು ಸುತ್ತಿದ ತಂತಿಯ ಸುರುಳಿಗಳು ಹೊರಗೆ, ಪ್ಲಾಸ್ಮಾದಲ್ಲಿಯೇ ಹರಿಯುವ ವಿದ್ಯುತ್ಪ್ರವಾಹ ಒಳಗೆ. ಇವೆರಡರ ಅಯಸ್ಕಾಂತ ಬಲಗಳು ಹೆಣೆದುಕೊಂಡು ಬೆಂಕಿಯನ್ನು ನಡುವೆ ಹಿಡಿದಿಡುವುವು.

1955ರಲ್ಲಿ ಜಿನೀವಾ ನಗರದಲ್ಲಿ ನೆರೆದ ಪರಮಾಣು ಸಭೆಯ ಅಧ್ಯಕ್ಷರಾಗಿದ್ದ ನಮ್ಮ ಹೋಮಿ ಭಾಭಾ ಅವರು, ಈ ಶಕ್ತಿಯು ಇಪ್ಪತ್ತು ವರ್ಷಗಳೊಳಗೆ ಮನುಷ್ಯನ ವಶವಾಗುವುದೆಂದು ನುಡಿದಿದ್ದರು. ಆಗ ಈ ವಿದ್ಯೆಯೆಲ್ಲವೂ ದೊಡ್ಡ ರಾಷ್ಟ್ರಗಳ ಗುಟ್ಟಿನ ಪೆಟ್ಟಿಗೆಯಲ್ಲಿತ್ತು. 1958ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ವೆಲ್ಲಿನವರು ಝೀಟಾ ಎಂಬ ತಮ್ಮ ಯಂತ್ರದಲ್ಲಿ ಬೀಜಕೇಂದ್ರಗಳು ಬೆಸೆದುಕೊಂಡಂತೆ ತೋರುತ್ತಿದೆಯೆಂದು ಸಾರಿದರು. ಪತ್ರಿಕೆಗಳು ಹಬ್ಬವನ್ನೇ ಆಚರಿಸಿದುವು. ಕೆಲವೇ ತಿಂಗಳಲ್ಲಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ವರ್ಷ ಜಿನೀವಾದ ಎರಡನೆಯ ಸಭೆಯಲ್ಲಿ ಗುಟ್ಟಿನ ಪೆಟ್ಟಿಗೆಯೇನೋ ತೆರೆಯಿತು. ಆದರೆ ಇಷ್ಟು ಡಿಗ್ರಿ ಕಾಸಿದೆವೆಂದು ಯಾರು ಹೇಳಿದರೂ ಉಳಿದವರು ಹುಬ್ಬೇರಿಸುವ ಕಾಲ ಬಂದಿತು.

ಇಂತಹ ಕಾಲದಲ್ಲಿ, 1968ರ ಆಗಸ್ಟಿನಲ್ಲಿ, ಸೈಬೀರಿಯಾದ ನೊವೊಸಿಬಿರ್ಸ್ಕ್ ನಗರದಲ್ಲಿ ಮೂರನೆಯ ಪರಿಷತ್ತು ಕೂಡಿತು. ರಷ್ಯಾದ ಲೆವ್ ಆರ್ಟ್ಸಿಮೊವಿಚ್ ಅವರು, ಮಾಸ್ಕೋವಿನ ತಮ್ಮ ಟಿ-3 ಟೋಕಮಾಕಿನಲ್ಲಿ ಎಲೆಕ್ಟ್ರಾನುಗಳು ಒಂದು ಕೋಟಿ ಡಿಗ್ರಿ ಕಾದಿರುವುವೆಂದೂ, ಶಾಖವು ಇತರರ ಯಂತ್ರಗಳಲ್ಲಿಗಿಂತ ಬಹುಪಾಲು ಹೆಚ್ಚು ಹೊತ್ತು ನಿಲ್ಲುವುದೆಂದೂ ವರದಿಮಾಡಿದರು. ಪಾಶ್ಚಾತ್ಯ ವಿಜ್ಞಾನಿಗಳು ಸುಲಭವಾಗಿ ಒಪ್ಪಲಿಲ್ಲ. ರಷ್ಯನ್ನರ ಅಳತೆ ನೇರವಾದುದಲ್ಲ. ಕೆಲವೇ ಎಲೆಕ್ಟ್ರಾನುಗಳು ಅತಿವೇಗದಿಂದ ಓಡಿ ಲೆಕ್ಕವನ್ನು ಕೆಡಿಸಿರಬಹುದು ಎಂದರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿದರೆ ಸಾಕೆಂಬುದು ನಮ್ಮ ಗೃಹಿಣಿಯರ ಅನುಭವ; ಪ್ಲಾಸ್ಮಾದ ಅಡುಗೆಯಲ್ಲಿ ಆ ನ್ಯಾಯ ಸಲ್ಲದು.

ಆರ್ಟ್ಸಿಮೊವಿಚ್ ಅವರು ಕೋಪಿಸಿಕೊಳ್ಳಬಹುದಿತ್ತು. ಅದಕ್ಕೆ ಬದಲಾಗಿ ಅವರು ಇಂಗ್ಲೆಂಡಿನ ಕಲ್ಹಮ್ ಪ್ರಯೋಗಶಾಲೆಯ ಮುಖ್ಯರಾದ ಪೀಸ್ ಅವರಿಗೆ, ನಿಮ್ಮವರೇ ನಿಮ್ಮ ಉಪಕರಣವನ್ನು ತಂದು ನಮ್ಮ ಬೆಂಕಿಯನ್ನು ಅಳೆಯಲೆಂದು ಆಹ್ವಾನವಿತ್ತರು. ಈ ಕಥೆಯಲ್ಲಿ ನಾವು ಬಹುವಾಗಿ ಮೆಚ್ಚುವುದು ಇದನ್ನೇ. ಅದೇ ಆಗಸ್ಟಿನಲ್ಲಿ ರಷ್ಯಾದ ಸೇನೆ ಚೆಕೊಸ್ಲೊವಾಕಿಯಾವನ್ನು ಹೊಕ್ಕಿತು. ರಾಷ್ಟ್ರಗಳ ನಡುವೆ ಮನಸ್ಸು ಮುರಿಯಿತು. ಹಾಗಿದ್ದರೂ 1969ರಲ್ಲಿ ಪೀಕಾಕ್, ರಾಬಿನ್‌ಸನ್, ಫಾರೆಸ್ಟ್, ವಿಲ್ಕಾಕ್ ಎಂಬ ಆಂಗ್ಲ ವಿಜ್ಞಾನಿಗಳು ಸುಮಾರು ಐದು ಟನ್ ಸಾಮಗ್ರಿಯೊಡನೆ ಮಾಸ್ಕೋವಿಗೆ ಹೋಗಿ ರಷ್ಯನ್ನರ ಜೊತೆಯಲ್ಲಿ ಕೆಲಸಮಾಡಿದರು.

ಒಂದು ಕೋಟಿ ಡಿಗ್ರಿಯ ಬೆಂಕಿಯೊಳಗೆ ಉಷ್ಣಮಾಪಕವನ್ನು ಅದ್ದುವುದೆಂತು? ಅವರು ಅದ್ದಿದುದು ಬೆಳಕನ್ನು. ಕೂಗುತ್ತ ಬರುವ ರೈಲಿನ ಸ್ವರವು ಸಮೀಪಿಸುವಾಗ ಏರಿಯೂ ದೂರವಾಗುವಾಗ ಇಳಿದೂ ಕೇಳಿಸುವುದನ್ನು ವಾಚಕರು ಗಮನಿಸಿರಬಹುದು. ಹಾಗೆಯೇ ಕೆಂಪು ಲೇಸರಿನ ಒಂದೇ ಶುದ್ಧವರ್ಣದ ಬೆಳಕು ಓಡುವ ಎಲೆಕ್ಟ್ರಾನುಗಳಿಂದ ಚೆದರಿ ಬರುವಾಗ ಅದರ ವರ್ಣ ಅತ್ತಿತ್ತ ಹರಡಿಕೊಳ್ಳುವುದು. ಓಟ ಹೆಚ್ಚಿದಷ್ಟೂ ಹರಡುವಿಕೆ ಹೆಚ್ಚು. ಎಲೆಕ್ಟ್ರಾನುಗಳ ಓಟವೇ ಶಾಖವಾದುದರಿಂದ ವರ್ಣದ ಅಗಲವನ್ನು ಅಳೆದರೆ ಡಿಗ್ರಿ ತಾನಾಗಿ ತಿಳಿಯುವುದು. ಹೀಗೆ ಅಳೆದಾಗ ಆರ್ಟ್ಸಿಮೊವಿಚ್ ಅವರ ಮಾತು ನಿಜವಾಯಿತು. 1969ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಮರುವರ್ಷವೇ ಅಮೆರಿಕದ ಪ್ರಿನ್ಸ್‌ಟನ್ನಿನವರು ಬೇರೆ ಮಾದರಿಯ ತಮ್ಮ ಯಂತ್ರವನ್ನು ಟೋಕಮಾಕಾಗಿ ಮಾರ್ಪಡಿಸಿದರು.

ಇಷ್ಟಾದರೂ ಈ ಬೆಂಕಿಯಿಂದ ಇಂದಿನವರೆಗೆ ಒಂದು ಮನೆಯ ದೀಪವೂ ಹೊತ್ತಿಲ್ಲ. ಇಂಗ್ಲೆಂಡಿನ ಜೆಟ್ ಎಂಬ ಟೋಕಮಾಕು 2023ರಲ್ಲಿ ಸುಮಾರು ಐದು ಸೆಕೆಂಡುಗಳ ಕಾಲ ಉರಿದು 69 ಮೆಗಾಜೂಲ್ ಶಕ್ತಿಯನ್ನು ಕೊಟ್ಟಿತು. ಒಂದೂವರೆ ಕಿಲೋಗ್ರಾಂ ಅಡುಗೆ ಅನಿಲದ ಶಾಖ ಅಷ್ಟೇ ಆದೀತು. ಆದರೆ ಅದಕ್ಕೆ ಖರ್ಚಾದ ಇಂಧನ ಒಂದು ಮಿಲಿಗ್ರಾಮಿನ ಐದನೆಯ ಒಂದು ಭಾಗ ಮಾತ್ರ. ಯಂತ್ರವನ್ನು ನಡೆಸಲು ತಗಲಿದ ಶಕ್ತಿ ಬಂದುದಕ್ಕಿಂತ ಹೆಚ್ಚೆಂಬುದನ್ನೂ ಹೇಳಬೇಕು.

ನಮ್ಮ ದೇಶದಲ್ಲಿ ಗಾಂಧೀನಗರದ ಪ್ಲಾಸ್ಮಾ ಸಂಶೋಧನ ಸಂಸ್ಥೆಯು 1989ರಲ್ಲಿ ‘ಆದಿತ್ಯ’ ಎಂಬ ಟೋಕಮಾಕನ್ನು ನಡೆಸಲಾರಂಭಿಸಿತು. ಫ್ರಾನ್ಸಿನಲ್ಲಿ ಹಲವು ರಾಷ್ಟ್ರಗಳು ಸೇರಿ ಕಟ್ಟುತ್ತಿರುವ ಈಟರ್ ಎಂಬ ಮಹಾಯಂತ್ರದಲ್ಲಿಯೂ ನಮ್ಮ ಪಾಲಿದೆ. ಆ ಯಂತ್ರವನ್ನೆಲ್ಲ ಒಳಗಿಟ್ಟುಕೊಳ್ಳುವ, ಸುಮಾರು 30 ಮೀಟರ್ ಎತ್ತರದ, 3,850 ಟನ್ ತೂಕದ ಉಕ್ಕಿನ ಪಾತ್ರೆಯು ಸೂರತ್ತಿನ ಬಳಿಯ ಹಜೀರಾದಲ್ಲಿ ತುಂಡುತುಂಡಾಗಿ ತಯಾರಾಗಿ ಹಡಗನ್ನೇರಿ ಹೋಯಿತು. ಅದರ ತಳಭಾಗವನ್ನು 2020ರ ಮೇ ತಿಂಗಳಲ್ಲಿ ಅಲ್ಲಿಯ ಹೊಂಡಕ್ಕೆ ಇಳಿಸಿದರು.