ಗುಂಡಿಗೆಗೆ ತಾಳ ಹಾಕಿದ ಪೆಟ್ಟಿಗೆ

ಹಾಡು ಕೇಳುತ್ತಿರುವಾಗ ವಿದ್ಯುತ್ತು ಹೋದರೆ ನಿಮ್ಮ ರೇಡಿಯೋ ಮೂಕವಾಗುತ್ತದೆ, ಅಷ್ಟೆ. ಆದರೆ ಗೋಡೆಯ ವಿದ್ಯುತ್ತನ್ನೇ ನಂಬಿ ಮಿಡಿಯುವ ಹೃದಯದ ಗತಿಯೇನು? 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್ ನಗರ ಕತ್ತಲಲ್ಲಿ ಮುಳುಗಿದಾಗ ಈ ಪ್ರಶ್ನೆ ಎದ್ದಿತು. ಹೃದಯದ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೆ ಅಲ್ಲಿ ಮಿಡಿತ ಕೊಡುತ್ತಿದ್ದುದು ಗೋಡೆಗೆ ತಂತಿ ಸಿಕ್ಕಿಸಿದ ದೊಡ್ಡ ಯಂತ್ರ.

ಶಸ್ತ್ರವೈದ್ಯ ಲಿಲ್ಲಹೈ ಅವರು ಎಂಜಿನಿಯರ್ ಅರ್ಲ್ ಬಾಕನ್ನರಲ್ಲಿ ಉಪಾಯ ಕೇಳಿದರು. ಸಂಗೀತದ ಲಯ ತೋರಿಸುವ ಮೆಟ್ರೊನೋಮಿನ ನಕ್ಷೆಯೊಂದನ್ನು ಬಾಕನ್ನರು ಪತ್ರಿಕೆಯಲ್ಲಿ ಕಂಡಿದ್ದರು. ಎರಡೇ ಟ್ರಾನ್ಸಿಸ್ಟರು, ಒಂದು ಸಣ್ಣ ಬ್ಯಾಟರಿ; ಧ್ವನಿವರ್ಧಕವನ್ನು ಬಿಟ್ಟು ಆ ತಾಳವನ್ನೇ ತಂತಿಯ ಮೂಲಕ ಹೃದಯಕ್ಕೆ ಮುಟ್ಟಿಸಿದರಾಯಿತು! ನಾಲ್ಕೇ ವಾರಗಳಲ್ಲಿ ಸುಮಾರು 4 ಅಂಗುಲ ಉದ್ದಗಲದ ಪೆಟ್ಟಿಗೆ ಸಿದ್ಧವಾಯಿತು. ಪ್ರಾಣಿಗಳ ಮೇಲಿನ ಪರೀಕ್ಷೆಗೆಂದು ಅದನ್ನು ಕೊಟ್ಟುಬಂದ ಅವರು, ಮರುದಿನವೇ ಅದು ಮಗುವೊಂದರ ಹೃದಯವನ್ನು ನಡೆಸುತ್ತಿರುವುದನ್ನು ಕಂಡು ಬೆರಗಾದರು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮಕ್ಕಳು ತಿರುಗಿಸಿಬಿಟ್ಟಾರೆಂದು ಮುಂದಿನ ಮಾದರಿಯಲ್ಲಿ ಗುಂಡಿಗಳನ್ನು ಒಳಕ್ಕೆ ಹುದುಗಿಸಿದರು. ಯಂತ್ರ ನಡೆದಿದೆಯೆಂದು ದಾದಿಯರಿಗೆ ತಿಳಿಯಲು ಮಿನುಗುವ ದೀಪವಿಟ್ಟರು.

ಇಂದಾದರೆ ಪರೀಕ್ಷೆ ಮೊದಲು, ರೋಗಿ ಅನಂತರ. ಆದರೂ ವೈದ್ಯೋಪಕರಣ ರೂಪಿಸುವವರ ಮುಖ್ಯ ಕೆಲಸ ಬದಲಾಗಿಲ್ಲ: 'ಕರೆಂಟು ಹೋದರೇನು? ಕೈತಪ್ಪಿದರೇನು?' ಎಂದು ಆಪತ್ತಿಗೆ ಮುಂಚೆಯೇ ಕೇಳಿಕೊಳ್ಳುವುದು.